ತೋಳನಾಯಿಯೂ ಕಂಬದ ಮೇಲಿನ ಯಜಮಾನನೂ

ಹೆಣ್ಣು ಕೇಳಲು ಹೋದ ದಿನ ಮಾವನವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಸಂಬಳ ಎಷ್ಟು, ದಿನಕ್ಕೆ ಬಿಯರ್ ಎಷ್ಟು. ನಾಯಿ ಕೇಳಲು ಹೋದ ದಿನ ಸ್ವತಾವಾ ಮೇಡಂ ಕೇಳಿದ್ದು ನಲವತ್ತೊಂದು ಪ್ರಶ್ನೆ. ಬೇಲಿ ಎಷ್ಟು ಎತ್ತರ? ನೆಲದೊಳಗೆ ಎಷ್ಟು ಆಳ? ಪಕ್ಕದ ಮನೆಯಲ್ಲಿ ಕೋಳಿ ಇವೆಯೇ, ಮೊಲ ಇವೆಯೇ, ಕೋಳಿಮೊಲಗಳಿಗಿಂತ ಬೇಗ ಗಾಬರಿ ಬೀಳುವ ಮನುಷ್ಯರು ಇದ್ದಾರೆಯೇ? ಮಾವನವರಿಗೆ ಹೇಳಿದ ಎರಡು ಉತ್ತರಗಳಲ್ಲಿ ಒಂದು ಸುಳ್ಳಾಗಿತ್ತು. ಈ ನಲವತ್ತೊಂದರಲ್ಲೂ ಒಂದೇ ಸುಳ್ಳು. ಮನುಷ್ಯ ಸುಧಾರಿಸಿದ್ದಾನೆ ಎಂದೇ ನಾನು ತಿಳಿದಿದ್ದೆ.

ನಾಯಿಯ ಹೆಸರು ಸೊಯ್ಕಾ. ಎರಡು ವರ್ಷದ ತೋಳನಾಯಿ. ಹಿಂದೆ ನಮ್ಮ ಗಡಿ ಕಾವಲು ಪಡೆಯವರು ಜರ್ಮನ್ ಶೆಫರ್ಡಿಗೂ ಕಾರ್ಪಾತಿಯನ್ ಬೆಟ್ಟದ ತೋಳಕ್ಕೂ ಸಂಬಂಧ ಬೆಳೆಸಿದರಲ್ಲ, ಆ ವಂಶದವಳು. ನೋಡಲು ಸಾಕ್ಷಾತ್ ಅಜ್ಜಿಯ ಕಡೆ: ಬೂದಿ ಬಣ್ಣದ ಮೈ, ಮುಖಕ್ಕೆ ಬಿಳಿಯ ಮುಸುಕು, ಓರೆಯಾದ ಹಳದಿ ಕಣ್ಣು. ಬೊಗಳುವುದು ಗೊತ್ತಿಲ್ಲ. ಊಳಿಡುವುದರಲ್ಲಿ ಮಾತ್ರ ಸಂಗೀತ ಶಾಲೆಯ ಪದವೀಧರೆ. ಮೊದಲು ನಗರದಲ್ಲಿ ಐದನೇ ಮಹಡಿಯ ಮನೆಯವರೊಬ್ಬರು ಸಾಕಿದ್ದರಂತೆ. ಅವರು ಬೆಳಗ್ಗೆ ಆಫೀಸಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ಇವಳು ಸೋಫಾವನ್ನು ಸ್ಪ್ರಿಂಗಿನ ತನಕ ಓದಿ ಮುಗಿಸುತ್ತಿದ್ದಳಂತೆ. ಮೂರನೇ ಸೋಫಾ ಆದ ಮೇಲೆ ಅವರು ಸ್ವತಾವಾ ಮೇಡಂಗೆ ಫೋನ್ ಮಾಡಿದ್ದರು.

ಸ್ವತಾವಾ ಮೇಡಂ ಈ ತಳಿಯನ್ನು ಮೂವತ್ತು ವರ್ಷದಿಂದ ಸಾಕುತ್ತಿರುವವರು. ಕುಳ್ಳಗೆ, ಗಟ್ಟಿಯಾಗಿ, ಮಾತು ಉಗುರು ಕತ್ತರಿಯಂತೆ.

"ಆರು ವಾರ ಇಟ್ಕೊಳ್ಳಿ," ಎಂದಿದ್ದರು. "ಮೂರು ಸಲ ತಪ್ಪಿಸಿಕೊಂಡ್ಳೋ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ತೋಳದ ಥರ ಕಾಣೋ ಪ್ರಾಣಿ ಬೀದೀಲಿ ಓಡಾಡಿದ್ರೆ ಯಾರಾದ್ರೂ ಒಬ್ಬ ಬೇಟೆ ಬಂದೂಕು ಹಿಡ್ಕೊಂಡು ಧೀರ ಆಗ್ತಾನೆ. ತಪ್ಪು ನಿಮ್ದು, ಗುಂಡು ಅವಳಿಗೆ. ಅದು ನಂಗೆ ಬೇಡ."

ಆಮೇಲೆ ನಲವತ್ತೊಂದನೇ ಪ್ರಶ್ನೆ. "ಒಂಟಿಯಾಗಿ ಎಷ್ಟು ಹೊತ್ತು ಬಿಡ್ತೀರಿ?"

"ಬಿಡೋದೇ ಇಲ್ಲ," ಎಂದೆ.

ಇದೇ ಆ ಸುಳ್ಳು. ಹೇಳುವಾಗ ಅದು ಸುಳ್ಳು ಎಂದು ನನಗೂ ತಿಳಿದಿರಲಿಲ್ಲ, ಅಷ್ಟು ಚಿಕ್ಕದಾಗಿತ್ತು. ಐವತ್ತು ನಿಮಿಷ.

ಲೆಕ್ಕ ಹೀಗೆ. ನನ್ನ ಹೆಂಡತಿ ಬ್ಲಾಂಕಾ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರ ಮತ್ತು ಗುರುವಾರ ಅವಳಿಗೆ ರಾತ್ರಿ ಪಾಳಿ. ಸಂಜೆ ಐದೂ ಹತ್ತಕ್ಕೆ ಅವಳ ಬಸ್ಸು. ನಾನು ಯೆಡ್ಲೊವ್ಕಾ ಪಂಚಾಯಿತಿಯಲ್ಲಿ ಗುಮಾಸ್ತ, ಬೆಳಗಿನ ಕೆಲಸ. ಆಗ ಬ್ಲಾಂಕಾ ಮನೆಯಲ್ಲಿರುತ್ತಾಳೆ. ಆದರೆ ಅದೇ ಸೋಮವಾರ, ಗುರುವಾರ ಸಂಜೆ ಐದೂವರೆಗೆ ಊರಿನ ಧ್ವನಿವರ್ಧಕದಲ್ಲಿ ಪ್ರಕಟಣೆ ಓದುವವನೂ ನಾನೇ. ಇಪ್ಪತ್ತೊಂದು ವರ್ಷದಿಂದ. ಸಾಹಿತ್ಯ ಓದಿ, ರೇಡಿಯೋದಲ್ಲಿ ಮಾತಾಡುವ ಕನಸು ಕಂಡು, ಧ್ವನಿ ಪರೀಕ್ಷೆಯಲ್ಲಿ "ನಿಮಗೆ ನಿಮ್ಮದೇ ಅಂತ ಒಂದು ಧ್ವನಿ ಇಲ್ಲ" ಎನ್ನಿಸಿಕೊಂಡು ಊರಿಗೆ ಮರಳಿದವನು ನಾನು. ಹನ್ನೆರಡು ಕಂಬ, ಹನ್ನೆರಡು ತುತ್ತೂರಿ, ಏಳುನೂರು ಕೇಳುಗರು. ಯಾರಿಗೂ ಚಾನೆಲ್ ಬದಲಿಸಲು ಬರುವುದಿಲ್ಲ. ಯಾವ ರೇಡಿಯೋದವನಿಗಿದೆ ಈ ಭಾಗ್ಯ?

ಮೊದಲು ಅರ್ಧ ನಿಮಿಷ ಪೋಲ್ಕಾ, ನಮ್ಮ ಕಡೆಯ ಕುಣಿತದ ವಾದ್ಯಸಂಗೀತ. ಆಮೇಲೆ ನಾನು. "ನಾಳೆ ಹತ್ತೂ ಕಾಲಿಗೆ ಅಂಗಡಿ ಮುಂದೆ ಮೊಟ್ಟೆ ಇಡಲು ಸಿದ್ಧವಾದ ಕೋಳಿಗಳ ಮಾರಾಟ, ಬಣ್ಣ ಕೆಂಪು ಮತ್ತು ಕಪ್ಪು. ಚಿಮಣಿ ಗುಡಿಸುವವರು ಬುಧವಾರ ಬರುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ ಒಂದು ಕೀಲಿ ಗೊಂಚಲು ಮತ್ತು ಒಂದು ಹಲ್ಲಿನ ಸೆಟ್ಟು ಸಿಕ್ಕಿವೆ." ಕೋಳಿಯವನ ಸುದ್ದಿಯನ್ನು ಕೋಳಿಯವನ ಗಂಟಲಲ್ಲೇ ಹೇಳುತ್ತಿದ್ದೆ, ಹಲ್ಲಿನ ಸೆಟ್ಟನ್ನು ಹಲ್ಲಿಲ್ಲದವರ ಉಚ್ಚಾರಣೆಯಲ್ಲಿ. ಜನ ಕಿಟಕಿ ತೆರೆದು ಕೇಳುತ್ತಿದ್ದರು.

ಅಂತೂ ಐದೂ ಹತ್ತರಿಂದ ಆರರ ತನಕ ಸೊಯ್ಕಾ ಅಂಗಳದ ಬೇಲಿಯೊಳಗೆ ಒಬ್ಬಳೇ. ಒಬ್ಬಳೇ ಎಂದರೆ ಪೂರ್ತಿ ಒಬ್ಬಳೇ ಅಲ್ಲ ಎಂಬುದು ನನ್ನ ವಾದ. ಕಂಬದಿಂದ ನನ್ನ ಧ್ವನಿ ತೇಲಿ ಬರುತ್ತದೆ, ಯಜಮಾನ ಇಲ್ಲೇ ಎಲ್ಲೋ ಇದ್ದಾನೆ ಎಂದು ಅವಳಿಗೆ ಧೈರ್ಯ. ಅವಳಿಗೆಂದೇ ಪ್ರಕಟಣೆಯ ಕೊನೆಗೆ ಒಂದು ಸಾಲು ಸೇರಿಸಿದೆ: "ಜಾಣೆ, ನನ್ನ ಜಾಣೆ, ಈಗ ಬಂದೆ." ಊರಿನ ಹೆಂಗಸರಲ್ಲಿ ಮೂವರು ಇದು ತಮಗೇ ಎಂದುಕೊಂಡರೆಂದು ಆಮೇಲೆ ತಿಳಿಯಿತು.

ಬೇಲಿಯನ್ನು ನಾನೇ ಕಟ್ಟಿದ್ದು. ನಮ್ಮ ಕಡೆ ದುಡ್ಡು ಕೊಟ್ಟು ಬೇಲಿ ಕಟ್ಟಿಸುವವನನ್ನು ಜನ ಕೈಗೆ ಪೆಟ್ಟಾಗಿದೆಯೇ ಎಂದು ಕೇಳುತ್ತಾರೆ. ಶೆಡ್ಡಿನಲ್ಲಿ ನಲವತ್ತು ವರ್ಷದಿಂದ "ಯಾವತ್ತಾದ್ರೂ ಬೇಕಾಗುತ್ತೆ" ಎಂದು ಇಟ್ಟಿದ್ದ ಕೊಳವೆ, ದಪ್ಪ ಜಾಲರಿ, ಕಿಲುಬು ಹಿಡಿದ ಬೋಲ್ಟುಗಳಿಗೆಲ್ಲ ಮುಕ್ತಿ ಸಿಕ್ಕಿತು. ಎತ್ತರ ಎರಡು ಮೀಟರ್ ಇಪ್ಪತ್ತು. ತುದಿ ಒಳಕ್ಕೆ ಬಾಗಿದ್ದು, ಹತ್ತಿದರೂ ದಾಟದಂತೆ. ನೆಲದೊಳಗೆ ಅರ್ಧ ಮೀಟರ್ ಜಾಲರಿ, ತೋಡಿದರೂ ನುಸುಳದಂತೆ. ಬಾಗಿಲು ಒಂದಲ್ಲ, ಎರಡು. ಒಂದನ್ನು ಮುಚ್ಚಿಕೊಂಡೇ ಇನ್ನೊಂದನ್ನು ತೆರೆಯಬೇಕು. ಆ ಬಾಗಿಲುಗಳಿಗೆ ಅಜ್ಜನ ಮನೆಯ ಹಿತ್ತಾಳೆಯ ಹಿಡಿಕೆ ಹಾಕಿದೆ. ಕೆಳಗೆ ಒತ್ತಿದರೆ ತೆರೆಯುವಂಥದ್ದು, ಥಳಥಳ.

ಮೂರನೇ ದಿನ, ಸೋಮವಾರ, ಪ್ರಕಟಣೆ ಮುಗಿಸಿ ಮೈಕ್ ಆರಿಸುತ್ತಿದ್ದಂತೆ ಫೋನ್ ಬಂತು. ಕಸಾಯಿ ಅಂಗಡಿಯ ಮತೋಷ್. ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು.

"ಲೋ ಬೋಹ್ದಾ, ನಿನ್ನ ತೋಳ ನನ್ನಂಗ್ಡಿ ಮುಂದೆ ನಿಂತಿದೆ ಕಣೋ."

"ಏನ್ ಮಾಡ್ತಿದ್ದಾಳೆ?"

"ಕತ್ತು ಎತ್ಕೊಂಡು ಊಳಿಡ್ತಿದೆ. ಒಳಗೆ ಮೂರು ಗಿರಾಕಿ ಇದಾರೆ. ಹೊರಗೆ ಹೋಗೋಕೆ ಹೆದ್ರಿ ಒಬ್ಬೊಬ್ರೂ ಎರಡೆರಡು ಕೇಜಿ ತಗೊಂಡ್ರು. ನೀನು ನಿಧಾನಕ್ಕೇ ಬಾ."

ಓಡಿದೆ. ನನ್ನನ್ನು ಕಂಡದ್ದೇ ಸೊಯ್ಕಾ ಎರಡೂ ಮುಂಗಾಲನ್ನು ನನ್ನ ಹೆಗಲ ಮೇಲಿಟ್ಟು ಕಿವಿ ನೆಕ್ಕಿದಳು. ಮನೆಗೆ ಬಂದು ನೋಡಿದರೆ ಬೇಲಿಗೆ ಒಂದು ಗೀರೂ ಇಲ್ಲ. ಎರಡೂ ಬಾಗಿಲು ಮರ್ಯಾದೆಯಾಗಿ ತೆರೆದಿದ್ದವು. ಹಿತ್ತಾಳೆಯ ಹಿಡಿಕೆಗಳ ಮೇಲೆ ಹಲ್ಲಿನ ಗುರುತು, ಒಂದಿಷ್ಟು ಜೊಲ್ಲು.

ಹಿಡಿಕೆ ಕಿತ್ತು ಚಿಲಕ, ಬೀಗ ಹಾಕಿದೆ. ಆ ವಾರದ ಗುರುವಾರವೂ ಮುಂದಿನ ಸೋಮವಾರವೂ ಏನೂ ಆಗಲಿಲ್ಲ; ಬ್ಲಾಂಕಾಗೆ ರಜೆಯಿತ್ತು. ಮುಂದಿನ ಗುರುವಾರ ಮತ್ತೆ ಫೋನ್.

"ಬೋಹ್ದಾ, ನಿನ್ನಾಕೆ ಬಂದಿದಾಳೆ."

"ಬ್ಲಾಂಕಾನಾ?"

"ಇವಳಿಗೆ ಬಾಲ ಇದೆ."

ಈ ಸಲ ಬೀಗ ಹಾಗೇ ಇತ್ತು, ನೆಲವೂ ಹಾಗೇ. ಬ್ಲಾಂಕಾ ಮಾರನೇ ಬೆಳಗ್ಗೆ ಪಾಳಿ ಮುಗಿಸಿ ಬಂದವಳು ಕೈಯಲ್ಲಿ ಕಾಫಿ ಹಿಡಿದು ಬೇಲಿಯ ಸುತ್ತ ಒಂದು ಸುತ್ತು ಹಾಕಿ, ಮೂಲೆಯಲ್ಲಿ ನಿಂತಳು.

"ಬೋಹುಶ್, ಇದೇನು?" ಬೋಹ್ದಾನ್ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಬೋಹುಶ್.

"ಸೌದೆ."

"ಎಲ್ಲಿ ಪೇರಿಸಿದೀಯಾ?"

"ಬೇಲಿಗೆ ಒರಗಿಸಿ. ಒಳಗಡೆ. ಮಳೆ ಬೀಳಲ್ಲ ಅಂತ."

"ಎಷ್ಟೆತ್ತರ?"

ಒಂದು ಮೀಟರ್ ಇಪ್ಪತ್ತು. ಚಳಿಗಾಲದ ಸೌದೆಯನ್ನು ಗೆರೆ ಎಳೆದಂತೆ, ಒಂದು ತುಂಡೂ ಹೊರಚಾಚದಂತೆ ಪೇರಿಸುವುದು ನಮ್ಮ ಊರಿನಲ್ಲಿ ಗಂಡಸಿನ ಮಾನದ ಪ್ರಶ್ನೆ. ಎರಡು ಮೀಟರ್ ಇಪ್ಪತ್ತರ ಬೇಲಿಗೆ ನಾನು ಅಷ್ಟೇ ಅಚ್ಚುಕಟ್ಟಾಗಿ ಮೆಟ್ಟಿಲು ಕಟ್ಟಿಕೊಟ್ಟಿದ್ದೆ. ಆ ಮೂಲೆಯಲ್ಲಿ ಬಾಗಿದ ತುದಿಯನ್ನೂ ಸೌದೆ ಪೇರಿಸಲು ಅಡ್ಡವೆಂದು ಬಿಚ್ಚಿಟ್ಟಿದ್ದೆ.

"ಮುಂದಿನ ಸಲ ಹಿಡ್ಕೊಳ್ಳೋಕೆ ಕಂಬೀನೂ ಹಾಕ್ಕೊಡು," ಎಂದು ಬ್ಲಾಂಕಾ ಕಾಫಿ ಕುಡಿದಳು.

ಸ್ವತಾವಾ ಮೇಡಂಗೆ ನಾನೇ ಫೋನ್ ಮಾಡಿ ಎರಡನ್ನೂ ಹೇಳಿದೆ.

"ಎರಡಾಯ್ತು," ಎಂದರು. "ಬರೋ ವಾರ ಗುರುವಾರ ನಾನೇ ಬರ್ತೀನಿ. ನಿಂತು ನೋಡ್ತೀನಿ. ಅವಳು ಯಾಕೆ ಹೋಗ್ತಾಳೆ ಅಂತ ಕಂಡುಹಿಡಿದ್ರಾ?"

"ಸಾಸೇಜು ಮೇಡಂ. ಮತೋಷ್ ಸೋಮವಾರ ಗುರುವಾರನೇ ಸಾಸೇಜು ಹೊಗೆಗೆ ಹಾಕೋದು. ವಾಸನೆ ಹಿಡ್ಕೊಂಡು ಹೋಗ್ತಾಳೆ."

"ಸಾಸೇಜು ತಿಂದ್ಳಾ?"

"ಇಲ್ಲ. ಮತೋಷ್ ಒಂದು ಎಸೆದನಂತೆ. ಮೂಸಿ ನೋಡಿ ಬಿಟ್ಟಳಂತೆ."

"ಹೂಂ," ಎಂದರು ಮೇಡಂ. ಆ "ಹೂಂ"ನಲ್ಲಿ ಇನ್ನೊಂದು ನಲವತ್ತೊಂದು ಪ್ರಶ್ನೆಗಳಿದ್ದವು.

ಮತೋಷ್‌ನ ಕಾಲು ಹಿಡಿದೆ. ಅಪ್ಪನ ಕಾಲದಿಂದ ಸೋಮವಾರ ಗುರುವಾರ ಹೊಗೆ ಹಾಕುತ್ತಿದ್ದ ಮನೆತನ. "ಒಂದು ನಾಯಿಗೋಸ್ಕರ ಮಂಗಳವಾರನಾ? ನಮ್ಮಪ್ಪ ಗೋರೀಲಿ ಮಗ್ಗುಲು ಬದಲಾಯಿಸ್ತಾನೆ ಕಣೋ," ಎಂದು ಬೈದ. ಆದರೂ ಬದಲಾಯಿಸಿದ. ಊರಿಗೆ ಅದನ್ನು ನಾನೇ ಪ್ರಕಟಿಸಬೇಕಾಯಿತು, ಅವನ ದಪ್ಪ ಗಂಟಲಲ್ಲಿ.

ಮುಂದಿನ ಸೋಮವಾರ ಹೊಗೆಯಿಲ್ಲ. ಸೌದೆಯೆಲ್ಲ ಬೇಲಿಯ ಹೊರಗೆ, ಬಾಗಿದ ತುದಿ ತನ್ನ ಜಾಗದಲ್ಲಿ. ಆದರೂ ಬ್ಲಾಂಕಾ ಪಾಳಿ ಬದಲಿಸಿಕೊಂಡು ಮನೆಯಲ್ಲಿ ಉಳಿದಳು, ಅಡುಗೆಮನೆಯ ಪರದೆಯ ಹಿಂದೆ. ನಾನು ಪ್ರಕಟಣೆ ಮುಗಿಸಿ ಬಂದಾಗ ಅವಳು ಮೇಜಿನ ಮುಂದೆ ಕೂತಿದ್ದಳು. ರೋಗಿಯ ಮನೆಯವರಿಗೆ ವಿಷಯ ತಿಳಿಸುವ ಮುಖ.

"ಕೂತ್ಕೋ."

ಕೂತೆ.

"ನೀನು ಹೋದ ಮೇಲೆ ಮಲಗಿದ್ಲು. ಪೋಲ್ಕಾ ಶುರುವಾಯ್ತು, ಎದ್ದು ಕೂತ್ಲು. ನಿನ್ನ ಧ್ವನಿ ಬಂತು ನೋಡು, ಬೇಲಿ ಸುತ್ತ ಓಡೋಕೆ ಶುರು. ಪ್ರತಿ ಮೂಲೆ ಪರೀಕ್ಷೆ ಮಾಡಿದ್ಲು. ಚಿಲಕ ಕಚ್ಚಿದ್ಲು. ನೀನು ಕೊನೇಲಿ ಏನೋ ಅಂತೀಯಲ್ಲ, ಜಾಣೆ, ಈಗ ಬಂದೆ ಅಂತ? ಆಗ ಕತ್ತೆತ್ತಿ ಊಳಿಟ್ಲು. ನಾನು ಹೊರಗೆ ಹೋಗಿ ಪಕ್ಕ ಕೂತ ಮೇಲೇ ನಿಂತಿದ್ದು."

"ಅಂದ್ರೆ?"

"ಮತೋಷ್ ಅಂಗಡಿ ಮುಂದೆ ಏನಿದೆ ಬೋಹುಶ್?"

ಕಣ್ಣು ಮುಚ್ಚಿ ನೋಡಿದೆ. ಅಂಗಡಿ. ಬೆಂಚು. ಕಂಬ. ಕಂಬದ ಮೇಲೆ ಬೂದು ಬಣ್ಣದ ತುತ್ತೂರಿ. ನಮ್ಮ ಮನೆಗೆ ಹತ್ತಿರದ ತುತ್ತೂರಿ ಅದೇ.

"ಅವಳು ಸಾಸೇಜಿಗೆ ಹೋಗ್ತಿರ್ಲಿಲ್ಲ," ಎಂದಳು ಬ್ಲಾಂಕಾ. "ಯಜಮಾನ ಕಂಬದ ಮೇಲೆ ಸಿಕ್ಕಾಕ್ಕೊಂಡಿದಾನೆ, ಇಳಿಸೋಣ ಅಂತ ಹೋಗ್ತಿದ್ಲು. ನೀನು ಬೇಲಿ ಎತ್ತರ ಮಾಡ್ತಾ ಹೋದೆ. ಜೊತೆಗೆ ವಾರಕ್ಕೆ ಎರಡು ಸಲ ಹನ್ನೆರಡು ತುತ್ತೂರೀಲಿ ಬಾ ಬಾ ಅಂತ ಕರೆದೆ."

ಸೊಯ್ಕಾ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿದ್ದಳು. ಅಷ್ಟು ದೊಡ್ಡ ತಲೆ, ಅದರೊಳಗೆ ಇಷ್ಟು ಚಿಕ್ಕ ಯೋಚನೆ: ಇವನನ್ನು ಇಳಿಸಬೇಕು.

"ಮೈಕು ಬೇರೆ ಯಾರಿಗಾದ್ರೂ ಕೊಡು," ಎಂದಳು.

ನಾನು ಸೊಯ್ಕಾಳ ಕಿವಿ ಸವರಿದೆ. ಕಚೇರಿಗೆ ಇವಳನ್ನು ಕರೆದೊಯ್ಯುವಂತಿರಲಿಲ್ಲ. ಪಂಚಾಯಿತಿ ಅಧ್ಯಕ್ಷೆ ಹೆಡ್ವಿಕಾ ಮೇಡಂ ಮೊದಲ ದಿನವೇ ಬಾಗಿಲಿಗೆ "ಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂದು ಬರೆಸಿದ್ದರು, ಕೆಳಗೆ ನನ್ನ ಹೆಸರನ್ನೂ ಬರೆಸದೆ ಬಿಟ್ಟದ್ದು ಅವರ ದೊಡ್ಡತನ. ಧ್ವನಿ ಮುದ್ರಿಸಿಟ್ಟರೂ ಅದು ನನ್ನ ಧ್ವನಿಯೇ. ಉಳಿದದ್ದು ಬ್ಲಾಂಕಾ ಹೇಳಿದ್ದು. ಆದರೆ ಮೈಕ್ ಬಿಟ್ಟರೆ ನಾನು ಯಾರು? ಕಾಗದಕ್ಕೆ ಠಸ್ಸೆ ಒತ್ತುವವನು.

ಆಗ ನನ್ನ ತಲೆಗೆ ಒಂದು ಉಪಾಯ ಬಂತು. ನನ್ನ ಉಪಾಯಗಳು ಬರುವಾಗ ಯಾವಾಗಲೂ ಪೋಲ್ಕಾ ಬಾರಿಸಿಕೊಂಡೇ ಬರುತ್ತವೆ.

"ನನ್ನ ಧ್ವನೀಲಿ ಓದಿದ್ರೆ ತಾನೆ ಅವಳು ಬರೋದು? ಅಧ್ಯಕ್ಷೆ ಧ್ವನೀಲಿ ಓದ್ತೀನಿ."

"ತೋಳಕ್ಕೆ ಟೋಪಿ ಹಾಕ್ತೀಯಾ?"

"ಅಧ್ಯಕ್ಷೆಯ ಗಂಡನಿಗೇ ಫೋನಲ್ಲಿ ಹಾಕಿದೀನಿ. ಪಾಪ, ಎದ್ದು ಪಾತ್ರೆ ತೊಳೆದನಂತೆ."

ಗುರುವಾರ ನಾಲ್ಕಕ್ಕೆ ಸ್ವತಾವಾ ಮೇಡಂ ಬಂದರು. ಹೊಸ್ತಿಲಲ್ಲಿ ಬೂಟು ಬಿಚ್ಚಿಟ್ಟು, ನಾವು ಕೊಟ್ಟ ಮನೆ ಚಪ್ಪಲಿ ಹಾಕಿಕೊಂಡರು. ಬ್ಲಾಂಕಾಳ ಹೂವಿನ ಚಪ್ಪಲಿ ಅವರ ಕಾಲಿನಲ್ಲಿ ಕೈದಿಗಳಂತೆ ಕಾಣುತ್ತಿದ್ದವು. ಸೀದಾ ಬೇಲಿಗೆ ನಡೆದರು. ಜಾಲರಿಯನ್ನು ಜಗ್ಗಿದರು, ಒದ್ದರು, ಕಂಬಗಳನ್ನು ಅಲ್ಲಾಡಿಸಿದರು. ಟೇಪು ಹಿಡಿದು ಅಳೆದರು. ಮಲಗುವ ಗೂಡು ನೆಲದಿಂದ ಮೇಲಿದೆಯೇ ಎಂದು ಬಗ್ಗಿ ನೋಡಿದರು. ಒಳಗೆ ಕಂಬಳಿಯಲ್ಲ, ಹುಲ್ಲು ಇರುವುದನ್ನು ಕಂಡು ತಲೆಯಾಡಿಸಿದರು. ಕಂಬಳಿಯನ್ನು ಸೊಯ್ಕಾ ಊಟದ ಪಟ್ಟಿಗೆ ಸೇರಿಸುತ್ತಾಳೆ. ಎರಡು ಬಾಗಿಲಿನ ಏರ್ಪಾಟನ್ನು ನಾಲ್ಕು ಸಲ ಹೊಕ್ಕು ಹೊರಬಂದು ಪರೀಕ್ಷಿಸಿದರು.

"ಯಾರು ಕಟ್ಟಿದ್ದು?"

"ನಾನೇ."

"ಕೊಳಕಾಗಿದೆ," ಎಂದರು. "ಆದ್ರೆ ಗಟ್ಟಿಯಾಗಿದೆ."

ಇದನ್ನು ನಾನು ಪ್ರಶಸ್ತಿ ಎಂದೇ ತಿಳಿದೆ.

ಐದೂ ಹತ್ತಕ್ಕೆ ಬ್ಲಾಂಕಾ ಹೊರಟಳು. ಬಾಗಿಲಲ್ಲಿ ನನ್ನ ಕಡೆ ಒಮ್ಮೆ ನೋಡಿದಳು. ಇನ್ನೂ ಹೊತ್ತಿದೆ, ಹೇಳಿಬಿಡು ಎನ್ನುವ ನೋಟ. ನಾನು ಮೇಜಿನ ಮೇಲಿದ್ದ ಪ್ಲಮ್ ಹಣ್ಣು ತುಂಬಿದ ಕೊಲಾಚೆ ಬನ್ನುಗಳನ್ನು ಮೇಡಂ ಕಡೆ ಸರಿಸಿದೆ.

"ತಿನ್ನಿ ಮೇಡಂ. ಕಚೇರೀಲಿ ಒಂದು ಸಣ್ಣ ಕೆಲಸ. ಮುಕ್ಕಾಲು ಗಂಟೆ."

"ಹೋಗ್ಬನ್ನಿ. ನಾನಿಲ್ಲ ಅಂತ್ಲೇ ಅಂದ್ಕೊಳ್ಳಿ. ಅವಳನ್ನ ಬೇಲಿಗೆ ಬಿಟ್ಟು ಕಿಟಕಿಯಿಂದ ನೋಡ್ತಿರ್ತೀನಿ."

ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೋಲ್ಕಾ ಹಾಕಿದೆ. ಹೆಡ್ವಿಕಾ ಮೇಡಂ ಮಾತಾಡುವ ಮುನ್ನ ಮೂಗಿನಿಂದ ಒಂದು ಉದ್ದ ಉಸಿರು ಎಳೆಯುತ್ತಾರೆ, ಸೇತುವೆ ಉದ್ಘಾಟನೆಗೆ ನಿಂತವರಂತೆ. ನಾನೂ ಎಳೆದೆ.

"ನನ್ನ ಪ್ರೀತಿಯ ಯೆಡ್ಲೊವ್ಕಾದ ನಾಗರಿಕರೇ! ಗಮನಿಸಿ! ಮತ್ತೊಮ್ಮೆ ಗಮನಿಸಿ! ಶನಿವಾರ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಕೆಳಗಿನ ಬೀದಿಯಲ್ಲಿ ನೀರು ಇರುವುದಿಲ್ಲ! ಇದನ್ನು ನಾನು ವೈಯಕ್ತಿಕವಾಗಿ ವಿಷಾದಿಸುತ್ತೇನೆ! ಸಂತೆ ಮೈದಾನದಲ್ಲಿ ಮರಿಕೋಳಿಗಳ ಮಾರಾಟವಿದ್ದು, ಪ್ರತಿಯೊಬ್ಬರೂ ಕೋಳಿಯೊಂದಿಗೆ ಶಿಸ್ತಿನಿಂದ ವರ್ತಿಸತಕ್ಕದ್ದು!"

ಅಂಥ ಪ್ರಕಟಣೆಯನ್ನು ನಾನು ಹಿಂದೆಯೂ ಓದಿಲ್ಲ, ಮುಂದೆಯೂ ಓದುವುದಿಲ್ಲ. ಒಂದೊಂದು ಉಸಿರೂ ಅಚ್ಚು. ಜಾಣೆ, ಈಗ ಬಂದೆ ಎನ್ನುವುದನ್ನು ನುಂಗಿಕೊಂಡೆ. ಮೈಕ್ ಆರಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ದಡಾರೆಂದು ತೆರೆಯಿತು.

ಹೆಡ್ವಿಕಾ ಮೇಡಂ. ಮೈಗೆ ಸ್ನಾನದ ಗೌನು, ತಲೆಗೆ ಟವೆಲ್, ಕಿವಿಯ ಹಿಂದೆ ಶಾಂಪೂ ನೊರೆ.

"ಬೋಹ್ದಾನ್! ನಾನು ಟಬ್ಬಲ್ಲಿದ್ದೆ! ಟಬ್ಬಲ್ಲಿ ಕೂತ್ಕೊಂಡು ನಾನೇ ಮಾತಾಡೋದನ್ನ ಕೇಳಿಸ್ಕೊಂಡೆ! ನನ್ನ ಗಂಡ ಬಾಗಿಲು ಬಡಿದು, ಹೆಡ್ವಿಕಾ, ಒಳಗಿರೋದು ಯಾರು ಅಂತ ಕೇಳಿದ!"

"ಅಧ್ಯಕ್ಷೆ ಮೇಡಂ, ಅದು..."

"ವೈಯಕ್ತಿಕವಾಗಿ ವಿಷಾದಿಸ್ತೀನಾ ನಾನು? ಯಾವಾಗ ಹಾಗಂದಿದೀನಿ?"

"ಹೋದ ಸೋಮವಾರ ಸಭೇಲಿ. ಎರಡು ಸಲ."

ಅವರು ಮೂಗಿನಿಂದ ಉದ್ದ ಉಸಿರು ಎಳೆದರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಒಂದು ವಿಚಿತ್ರ ಸದ್ದು ಕೇಳಿಸಿತು: ಟಕ್, ಸರಕ್, ಟಕ್, ಸರಕ್. ಬಾಗಿಲಲ್ಲಿ ಸ್ವತಾವಾ ಮೇಡಂ ಕಾಣಿಸಿಕೊಂಡರು. ಬಲಗಾಲಿಗೆ ಬೂಟು. ಎಡಗಾಲಿಗೆ ಬ್ಲಾಂಕಾಳ ಹೂವಿನ ಚಪ್ಪಲಿ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಸೊಯ್ಕಾ. ನನ್ನನ್ನು ಕಂಡು ಸೊಯ್ಕಾ ಮೈಯೆಲ್ಲ ಬಾಲವಾದಳು. ಅಧ್ಯಕ್ಷೆ ಕುರ್ಚಿಯ ಮೇಲೆ ಹತ್ತಿ ನಿಂತರು.

"ಬೇಲಿ ಪಾಸು," ಎಂದರು ಸ್ವತಾವಾ ಮೇಡಂ. "ನೀವು ಫೇಲು."

ಏನಾಯಿತೆಂದು ಅವರೇ ಹೇಳಿದರು. ನಾನು ಹೊರಟದ್ದೇ ಸೊಯ್ಕಾ ಹೊಸ್ತಿಲಲ್ಲಿದ್ದ ಅವರ ಎಡಗಾಲಿನ ಬೂಟನ್ನು ಕಚ್ಚಿಕೊಂಡು ಬೇಲಿಗೆ ಹೋಗಿದ್ದಳು. ಅವರು ಚಿಲಕ ಹಾಕಿ ಕಿಟಕಿಗೆ ಬಂದರು. ಪೋಲ್ಕಾ ಬಂತು. ನಾನು ಬಾಯಿ ತೆರೆದೆ. ಸೊಯ್ಕಾ ಬೂಟನ್ನು ಬಿಟ್ಟು ಬೇಲಿಯ ಬುಡ ತೋಡತೊಡಗಿದಳು. ಜಾಲರಿ ಸಿಕ್ಕಿತು. ಇನ್ನೊಂದು ಕಡೆ ತೋಡಿದಳು. ಅಲ್ಲೂ ಜಾಲರಿ. ಮಣ್ಣೆಲ್ಲ ಬೂಟಿನ ಮೇಲೆ ಬಿದ್ದು ಬೂಟು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಕೊನೆಗೆ ಅವಳು ಕೂತು, ಕತ್ತೆತ್ತಿ, ನನ್ನ ಪ್ರಕಟಣೆ ಮುಗಿಯುವ ತನಕ ಊಳಿಟ್ಟಳು.

"ಮಾತಾಡಿದ್ದು ಅಧ್ಯಕ್ಷೆ ಅಂತ್ಲೇ ನಾನು ನಂಬಿದ್ದೆ," ಎಂದರು ಮೇಡಂ. "ಅವಳು ಒಂದು ಕ್ಷಣಾನೂ ನಂಬಲಿಲ್ಲ. ಹಗ್ಗ ಹಾಕಿದ್ದೇ ಸೀದಾ ಇಲ್ಲಿಗೇ ಎಳ್ಕೊಂಡು ಬಂದ್ಳು."

ಕುರ್ಚಿಯ ಮೇಲಿಂದ ಹೆಡ್ವಿಕಾ ಮೇಡಂ, "ನೋಡಿ, ನಾಯಿಗೂ ಗೊತ್ತು ನಾನು ಹಾಗೆ ಮಾತಾಡಲ್ಲ ಅಂತ," ಎಂದರು.

ಸ್ವತಾವಾ ಮೇಡಂ ನನ್ನನ್ನೇ ನೋಡುತ್ತಿದ್ದರು.

"ನಲವತ್ತೊಂದನೇ ಪ್ರಶ್ನೆ ಜ್ಞಾಪಕ ಇದ್ಯಾ ಬೋಹ್ದಾನ್ ಅವ್ರೇ? ಬೇಲಿ ಅನ್ನೋದು ಇವಳನ್ನ ಜನದಿಂದ, ಜನಾನ ಇವಳಿಂದ ಕಾಯೋಕೆ. ನಿಮ್ಮ ಬದಲಿಗೆ ಅಲ್ಲ. ಇವಳು ಮೂರು ಸೋಫಾ ತಿಂದಿದ್ದು ಹಸಿವಿಗಲ್ಲ. ಮುಕ್ಕಾಲು ಗಂಟೆ ನಿಮಗೆ ಸಣ್ಣದು. ಇವಳಿಗೆ ನೀವು ಹೋದ್ರಿ ಅಂದ್ರೆ ಹೋದ್ರಿ, ಅಷ್ಟೇ. ಇವಳ ಹತ್ರ ಗಡಿಯಾರ ಇಲ್ಲ. ನಿಧಾನಕ್ಕೆ ಕಲಿಸ್ಬೇಕು. ಎರಡು ನಿಮಿಷ, ಐದು ನಿಮಿಷ, ಹತ್ತು. ನೀವು ಸೀದಾ ಮುಕ್ಕಾಲು ಗಂಟೆಗೆ ಹಾರಿದ್ರಿ. ಮೇಲಿಂದ ಕಂಬದಲ್ಲಿ ಕೂತು ಕೂಗಿದ್ರಿ." ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. "ಬೂಟು ಪೋಸ್ಟಲ್ಲಿ ಕಳಿಸಿ. ನಾನು ಹೊರಟೆ."

ಸೊಯ್ಕಾ ನನ್ನ ಕಡೆಗೆ ಎಳೆದಳು. ಹಗ್ಗ ಬಿಗಿಯಾಯಿತು. ಅವಳು ಗಲಾಟೆ ಮಾಡಲಿಲ್ಲ. ಸುಮ್ಮನೆ ನಿಂತು, ನನ್ನನ್ನೂ ಮೇಜಿನ ಮೇಲಿನ ಮೈಕನ್ನೂ ಒಮ್ಮೆ ನೋಡಿದಳು. ಕಂಬದಿಂದ ಇವನು ಇಳಿದದ್ದು ಹೇಗೆ ಎಂದು ಯೋಚಿಸುತ್ತಿದ್ದಳೋ ಏನೋ.

"ಒಂದು ನಿಮಿಷ ಮೇಡಂ," ಎಂದೆ. ಅದು ಯಾರ ಧ್ವನಿಯಲ್ಲಿ ಬಂತೋ ನನಗೇ ತಿಳಿಯಲಿಲ್ಲ. ಮತೋಷ್‌ನದಲ್ಲ, ಅಧ್ಯಕ್ಷೆಯದಲ್ಲ. ಸ್ವಲ್ಪ ಒಡೆದಿತ್ತು. ಮೈಕಿನ ಬೀಗದ ಕೀಲಿಯನ್ನು ಜೇಬಿನಿಂದ ತೆಗೆದು ಕುರ್ಚಿಯ ಮೇಲೆ ನಿಂತಿದ್ದ ಹೆಡ್ವಿಕಾ ಮೇಡಂ ಕೈಗೆ ಕೊಟ್ಟೆ.

"ಇದೇನು?"

"ಸೋಮವಾರದಿಂದ ಪ್ರಕಟಣೆ ನೀವೇ ಓದಿ. ನಾನು ಸಂಜೆ ಮನೇಲಿರ್ತೀನಿ."

"ಎಷ್ಟು ದಿನ?"

ಸ್ವತಾವಾ ಮೇಡಂ ಕಡೆ ನೋಡಿದೆ. "ಇವಳು ಎಷ್ಟು ದಿನ ಬದುಕ್ತಾಳೆ?"

"ಚೆನ್ನಾಗಿ ನೋಡ್ಕೊಂಡ್ರೆ ಹದಿನಾಲ್ಕು ವರ್ಷ," ಎಂದರು ಅವರು. "ಈಗ ಎರಡಾಗಿದೆ."

"ಹನ್ನೆರಡು ವರ್ಷ, ಅಧ್ಯಕ್ಷೆ ಮೇಡಂ."

ಹೆಡ್ವಿಕಾ ಮೇಡಂ ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಪ್ಪತ್ತೊಂದು ವರ್ಷ ನಾನು ಅದನ್ನು ರಜೆಗೆ ಹೋಗುವಾಗಲೂ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೇನೆಂದು ಅವರಿಗೆ ಗೊತ್ತಿತ್ತು.

ಸ್ವತಾವಾ ಮೇಡಂ ಕೋಟಿನ ಒಳಜೇಬಿನಿಂದ ಕಾಗದ ತೆಗೆದರು. ನಲವತ್ತೊಂದನೇ ಪ್ರಶ್ನೆಯ ಎದುರಿನ ನನ್ನ ಉತ್ತರಕ್ಕೆ ಅಡ್ಡಗೆರೆ ಎಳೆದು, "ಕಲಿಸುವ ತನಕ ಇಲ್ಲ, ಕಲಿಸಿದ ಮೇಲೆ ನನ್ನನ್ನು ಕೇಳಿ" ಎಂದು ಬರೆದು, ನನ್ನ ಸಹಿ ಹಾಕಿಸಿದರು. ಆಮೇಲೆ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

"ಇನ್ನು ಮೂರು ವಾರ ಉಳಿದಿದೆ," ಎಂದರು. "ಸೋಮವಾರ ಫೋನ್ ಮಾಡ್ತೀನಿ. ಈಗ ನಡೀರಿ, ನನ್ನ ಬೂಟು ಅಗೆದು ಕೊಡಿ."

ಮನೆಗೆ ಬಂದು ಬ್ಯಾಟರಿ ದೀಪ ಹಿಡಿದು, ಬೇಲಿಯ ಬುಡವನ್ನೆಲ್ಲ ಸನಿಕೆಯಿಂದ ಅಗೆದೆ. ಸೊಯ್ಕಾ ನನ್ನ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ ಉತ್ಸಾಹದಿಂದ ಸಹಕರಿಸಿದಳು. ಬೂಟು ಸಿಕ್ಕಿತು. ಲೇಸು ಸಿಗಲಿಲ್ಲ, ಅದು ಎರಡು ದಿನ ಬಿಟ್ಟು ಸಿಕ್ಕಿತು, ಎಲ್ಲಿ ಎಂದು ಬರೆಯುವಂತಿಲ್ಲ.

ಸೋಮವಾರ ಸಂಜೆ ಐದೂ ಹತ್ತಕ್ಕೆ ಬ್ಲಾಂಕಾ ಹೊರಟಳು. ಹೋಗುವ ಮುನ್ನ ನನ್ನ ತಲೆಗೆ ಮುತ್ತಿಟ್ಟಳು, ಸೊಯ್ಕಾಳ ತಲೆಗೂ. ಯಾರಿಗೆ ಮೊದಲು ಎಂದು ಹೇಳುವುದಿಲ್ಲ. ನಾನು ಅಂಗಳದ ಮೆಟ್ಟಿಲ ಮೇಲೆ ಕೂತೆ. ಸೊಯ್ಕಾ ನನ್ನ ಎರಡೂ ಪಾದಗಳ ಮೇಲೆ ತನ್ನ ಮೂವತ್ತು ಕಿಲೋ ಹರಡಿಕೊಂಡಳು.

ಐದೂವರೆ. ಪೋಲ್ಕಾ. ಅವಳ ಕಿವಿ ನಿಮಿರಿತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಆ ಪೋಲ್ಕಾವನ್ನು ನಾನು ಹೊರಗಿನಿಂದ ಕೇಳುತ್ತಿದ್ದೆ. ಆಮೇಲೆ ತುತ್ತೂರಿಯಿಂದ ಮೂಗಿನ ಒಂದು ಉದ್ದ ಉಸಿರು ಬಂತು.

"ನನ್ನ... ಅಂ... ಪ್ರೀತಿಯ ನಾಗರಿಕರೇ. ಇದು ನಾನು. ನಿಜವಾಗಿ ನಾನು. ಗಮನಿಸಿ."

ಸೊಯ್ಕಾ ಕಂಬದ ದಿಕ್ಕಿಗೆ ನೋಡಿದಳು. ನನ್ನ ಕಡೆ ನೋಡಿದಳು. ಮತ್ತೆ ಕಂಬದ ಕಡೆ. ಎಣಿಸಿ ನೋಡಿದಂತಿತ್ತು: ಅಲ್ಲಿ ಒಂದು, ಇಲ್ಲಿ ಒಂದು, ಬೇಕಾದದ್ದು ಇಲ್ಲಿದೆ. ಒಂದು ದೊಡ್ಡ ಆಕಳಿಕೆ ತೆಗೆದು, ಗಲ್ಲವನ್ನು ನನ್ನ ಕಣಕಾಲಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಡ್ವಿಕಾ ಮೇಡಂ ಚಿಮಣಿಯವರ ಸುದ್ದಿಯನ್ನು ಎರಡು ಸಲ ಓದಿದರು, ನೀರಿನ ಸುದ್ದಿಯನ್ನು ಮರೆತರು, ಮೈಕ್ ಆರಿಸದೆ ಗಂಡನಿಗೆ ಫೋನ್ ಮಾಡಿ ಚೆನ್ನಾಗಿತ್ತಾ ಎಂದು ಕೇಳಿದರು. ಊರೆಲ್ಲ ಕೇಳಿಸಿಕೊಂಡಿತು.

ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಸ್ವತಾವಾ ಮೇಡಂ ಇರಬೇಕೆಂದು ಗಾಬರಿಯಿಂದ ಎತ್ತಿದೆ. ಮತೋಷ್.

"ಲೋ ಬೋಹ್ದಾ, ಎಲ್ಲಿದೀಯಾ?"

"ಮನೇಲಿ. ಯಾಕೆ, ಸೊಯ್ಕಾ ಇಲ್ಲೇ ಇದಾಳೆ."

"ನಾಯಿ ವಿಷಯ ಅಲ್ವೋ. ಅಂಗಡೀಲಿ ಎಲ್ರೂ ಹೇಳ್ತಿದಾರೆ, ನಿಂಗೆ ಹೇಳು ಅಂತ. ಹೋದ ಗುರುವಾರ ಅಧ್ಯಕ್ಷೇನ ಎಷ್ಟು ಚೆನ್ನಾಗಿ ಮಾಡಿದ್ದೆ! ಇವತ್ತು ಸ್ವಲ್ಪಾನೂ ಸರಿ ಬರಲಿಲ್ಲ ಕಣೋ. ಅವರ ಥರ ಕೇಳಿಸಲೇ ಇಲ್ಲ. ಗಂಟಲು ಸರಿ ಇಲ್ವಾ? ಜೇನು ಹಾಕ್ಕೊಂಡು ಚಹ ಕುಡಿ."

"ಆಯ್ತು," ಎಂದೆ. "ಕುಡೀತೀನಿ."

ಫೋನ್ ಇಟ್ಟೆ. ನಗು ಉಕ್ಕಿ ಬಂತು, ಆದರೆ ನಕ್ಕರೆ ಕಾಲು ಅಲ್ಲಾಡುತ್ತದೆ, ಕಾಲು ಅಲ್ಲಾಡಿದರೆ ಇವಳಿಗೆ ಎಚ್ಚರವಾಗುತ್ತದೆ. ತುಟಿ ಕಚ್ಚಿ ಹಿಡಿದುಕೊಂಡೆ. ಒಳಗೆ ಒಲೆಯ ಮೇಲೆ ಚಹಕ್ಕಿಟ್ಟ ನೀರು ಕುದಿದು ಕುದಿದು ಸೀಟಿ ಹಾಕುತ್ತಿತ್ತು. ಎರಡು ನಿಮಿಷದ ಅಭ್ಯಾಸ ಇವತ್ತಿನಿಂದಲೇ ಶುರು ಮಾಡಬಹುದಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡು ಕೂತಲ್ಲೇ ಕೂತೆ. ನೀರು ಬತ್ತಿಹೋಗಿ ಕೆಟಲು ಸುಮ್ಮನಾಯಿತು.